ಕಾರ್ಡ್‌ನಲ್ಲಿ ಆಗಲ್ಲ ಅಂದರು, ನಾಲ್ಕು ಲಕ್ಷ ಸಾಲ ಮಾಡಿ ತೂಕದ ಆಪರೇಶನ್ ಮಾಡಿಸಿಕೊಳ್ಳಲೇ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾನು ರಾಣೆಬೆನ್ನೂರಿನವಳು, ವಯಸ್ಸು 38. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ, ಯಜಮಾನರು ಗೂಡ್ಸ್ ಗಾಡಿ ಓಡಿಸುತ್ತಾರೆ. ಎತ್ತರ 154 ಸೆಂಟಿಮೀಟರ್, ತೂಕ 108 ಕೆಜಿ. ಆರು ವರ್ಷದಿಂದ ಶುಗರ್ ಇದೆ, ಹೋದ ತಿಂಗಳು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 9.2 ಬಂತು. ಬಿಪಿ ಇದೆ, ಮೊಣಕಾಲು ನೋವಿನಿಂದ ಮಷಿನ್ ತುಳಿಯೋದು ಕಷ್ಟ, ರಾತ್ರಿ ಗೊರಕೆ ಜೋರು. ಮೂರು ಸಲ ಡಯಟ್ ಮಾಡಿ ಹತ್ತು ಹನ್ನೆರಡು ಕೆಜಿ ಇಳಿಸಿದೆ, ಮೂರು ಸಲವೂ ವಾಪಸ್ ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಬೇರಿಯಾಟ್ರಿಕ್ ಸರ್ಜರಿ ಮಾಡಿಸಿ ಅಂದರು, 4.25 ಲಕ್ಷ ಎಸ್ಟಿಮೇಟ್ ಕೊಟ್ಟರು. ಬಿಪಿಎಲ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಎರಡೂ ಇದೆ, ಆದರೆ ಈ ಆಪರೇಶನ್ ಅದರಲ್ಲಿ ಬರಲ್ಲ ಅಂದರು. ಆಮೇಲೆ ಯಾರೋ ಫೋನ್ ಮಾಡಿ, ಈ ತಿಂಗಳೊಳಗೆ ಮಾಡಿಸಿದರೆ 2.9 ಲಕ್ಷದ ಆಫರ್ ಇದೆ ಅಂದರು. ಕೈಯಲ್ಲಿ ಸಂಘದ ಉಳಿತಾಯ ಸೇರಿ ಒಂದು ಲಕ್ಷ ಇದೆ. ಉಳಿದದ್ದಕ್ಕೆ ಅಣ್ಣ ಬಂಗಾರ ಅಡ ಇಡುತ್ತೇನೆ ಅನ್ನುತ್ತಾನೆ. ಮನೆಯ ಆದಾಯ ಎಲ್ಲ ಸೇರಿ ತಿಂಗಳಿಗೆ 30 ಸಾವಿರ. ಇಬ್ಬರು ಮಕ್ಕಳು ಓದುತ್ತಿದ್ದಾರೆ. ಅತ್ತೆ ಹೇಳೋದು, ಬಾಯಿ ಕಟ್ಟಿದರೆ ಸಾಕು, ಇದಕ್ಕೆಲ್ಲ ಯಾಕೆ ಲಕ್ಷ ಲಕ್ಷ ಅಂತ. ಯಜಮಾನರಿಗೆ ಟಿವಿ ನಟಿಯೊಬ್ಬರು ಇಂಥದ್ದೇ ಆಪರೇಶನ್‌ನಲ್ಲಿ ತೀರಿಕೊಂಡರಲ್ಲ ಅಂತ ಭಯ. ಸಾಲ ಮಾಡಿ ಮಾಡಿಸಿಕೊಳ್ಳಲೇ, ಬೇಡವೇ?

ಉತ್ತರ:

ನೇರವಾಗಿ ಹೇಳಿಬಿಡುತ್ತೇನೆ. ಆಪರೇಶನ್ ನಿಮಗೆ ಬೇಕು. ಆದರೆ ಈ ತಿಂಗಳು ಬೇಡ, ಆರು ತಿಂಗಳು ತಯಾರಿ ಮಾಡಿಕೊಂಡು ಮಾಡಿಸಿ. ಆಫರ್ ಹೇಳಿ ಫೋನ್ ಮಾಡಿದವರ ಮೂಲಕ ಬೇಡ. ಇದ್ದದ್ದನ್ನೂ ಸಾಲ ತಂದದ್ದನ್ನೂ ಪೂರ್ತಿ ಆಸ್ಪತ್ರೆಯ ಕೌಂಟರ್‌ನಲ್ಲಿ ಕಟ್ಟಿ, ಬರಿಗೈಯಲ್ಲಿ ಮನೆಗೆ ಹೋಗುವ ಹಾಗಿದ್ದರಂತೂ ಬೇಡವೇ ಬೇಡ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಯಜಮಾನರನ್ನೂ ಅಣ್ಣನನ್ನೂ ಕೂರಿಸಿಕೊಂಡು ಓದಿ.

ಮೊದಲು ಅತ್ತೆಯವರ ಮಾತು. ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ, ಆದರೆ ಅದು ತಪ್ಪು. ನಿಮ್ಮ ಬಿಎಂಐ 45ರ ಮೇಲಿದೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಭಾರತದವರಿಗೆ 25 ದಾಟಿದರೇ ಬೊಜ್ಜು ಅಂತ ಲೆಕ್ಕ ಹಾಕುತ್ತೇವೆ. 45ಕ್ಕೆ ಹೋದ ಮೇಲೆ ಬರೀ ಊಟ ಕಡಿಮೆ ಮಾಡಿ ಇಳಿಸಿ, ಇಳಿದದ್ದನ್ನು ಹತ್ತು ವರ್ಷ ಉಳಿಸಿಕೊಂಡವರು ತುಂಬಾ ಕಡಿಮೆ. ತೂಕ ಇಳಿದ ತಕ್ಷಣ ದೇಹ ಅದನ್ನು ಬರಗಾಲ ಅಂತ ತಿಳಿಯುತ್ತದೆ. ಗ್ರೆಲಿನ್ ಅನ್ನುವ ಹಸಿವಿನ ಹಾರ್ಮೋನ್ ಜಾಸ್ತಿ ಆಗುತ್ತದೆ, ದೇಹ ಖರ್ಚು ಮಾಡುವ ಶಕ್ತಿ ಕಡಿಮೆ ಆಗುತ್ತದೆ, ಕಳೆದುಕೊಂಡದ್ದನ್ನು ವಾಪಸ್ ತರುವ ತನಕ ಅದಕ್ಕೆ ಸಮಾಧಾನ ಇಲ್ಲ. ನೀವು ಮೂರು ಸಲ ಇಳಿಸಿದ್ದೀರಿ. ಬಾಯಿ ಕಟ್ಟೋದಕ್ಕೆ ಬಾರದವರು ಮೂರು ಸಲ ಇಳಿಸೋದಿಲ್ಲ. ಇದನ್ನು ಅತ್ತೆಯವರಿಗೆ ಓದಿ ಹೇಳಿ.

ಈಗ ಯಜಮಾನರ ಭಯ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿ ತೀರಿಕೊಂಡದ್ದು ನಿಜ, ಆ ಸುದ್ದಿ ಓದಿ ನನಗೂ ತುಂಬಾ ಸಂಕಟ ಆಗಿತ್ತು. ಆದರೆ ಅದು ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುವ ಸೌಂದರ್ಯ ಚಿಕಿತ್ಸೆ. ಬೇರಿಯಾಟ್ರಿಕ್ ಸರ್ಜರಿ ಬೇರೆಯೇ. ಇದರಲ್ಲಿ ಕೊಬ್ಬನ್ನು ಮುಟ್ಟುವುದೇ ಇಲ್ಲ. ಜಠರವನ್ನು ಚಿಕ್ಕದು ಮಾಡುತ್ತೇವೆ, ಇಲ್ಲವೇ ಕರುಳಿನ ದಾರಿ ಬದಲಿಸುತ್ತೇವೆ, ಅದರಿಂದ ಹಸಿವು ಮತ್ತು ಶುಗರ್‌ನ ಹಾರ್ಮೋನ್‌ಗಳೇ ಬದಲಾಗುತ್ತವೆ. ಹಾಗಂತ ಅಪಾಯ ಇಲ್ಲವೇ ಇಲ್ಲ ಅಂತ ಹೇಳಲಾರೆ. ಒಳ್ಳೆಯ ಕಡೆಯಲ್ಲಿ ಮೊದಲ ತಿಂಗಳ ಸಾವು ಸಾವಿರಕ್ಕೆ ಒಬ್ಬರಿಂದ ಮೂವರು. ಹೊಲಿಗೆ ಬಿಟ್ಟುಕೊಂಡು ಲೀಕ್ ಆಗುವುದು ಸುಮಾರು ನೂರಕ್ಕೆ ಒಬ್ಬರಿಗೆ. ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ, ಅದಕ್ಕೇ ಆಪರೇಶನ್ ಆದ ಸಂಜೆಯೇ ಎಬ್ಬಿಸಿ ನಡೆಸುತ್ತೇವೆ. ಇನ್ನೊಂದು ಕಡೆ, ಏನೂ ಮಾಡದೆ ಸುಮ್ನೆ ಇರುವುದಕ್ಕೂ ಅಪಾಯ ಇದೆಯಲ್ಲ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ಒಂದು ಅಧ್ಯಯನದಲ್ಲಿ ಸುಮಾರು ನಾಲ್ಕು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದರು, ಅರ್ಧ ಜನ ಆಪರೇಶನ್ ಆದವರು, ಅರ್ಧ ಜನ ಆಗದವರು. ವಯಸ್ಸು, ಕಾಯಿಲೆ ಎಲ್ಲ ಸರಿದೂಗಿಸಿ ನೋಡಿದಾಗ ಆಪರೇಶನ್ ಆದವರಲ್ಲಿ ಸಾವು ಶೇಕಡ 29ರಷ್ಟು ಕಡಿಮೆ ಇತ್ತು. 38ನೇ ವಯಸ್ಸಿಗೇ 9.2 ಶುಗರ್ ಇರುವ ನಿಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಕಾರ್ಡ್ ವಿಷಯಕ್ಕೆ ಬರೋಣ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯನ್ನು ನಮ್ಮಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಅಂತ ಬೋರ್ಡ್‌ನಲ್ಲಿ ಬರೆದಿರುತ್ತಾರೆ, ಅದನ್ನು ಓದಿ ಐದು ಲಕ್ಷ ನಮ್ಮ ಹೆಸರಲ್ಲಿ ಇಟ್ಟಿದ್ದಾರೆ, ಯಾವ ಕಾಯಿಲೆಗೆ ಬೇಕಾದರೂ ತೆಗೆಯಬಹುದು ಅಂತ ಜನ ತಿಳಿಯುತ್ತಾರೆ. ಅದು ಹಾಗಲ್ಲ. ಅಲ್ಲಿ ಒಂದು ಪಟ್ಟಿ ಇದೆ, ಪ್ರತಿ ಚಿಕಿತ್ಸೆಗೂ ಒಂದು ಕೋಡ್, ಕೋಡ್‌ಗೆ ಒಂದು ದರ. ಕೋಡ್ ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರ ಕಂಪ್ಯೂಟರ್‌ನಲ್ಲಿ ಏನನ್ನೂ ಹತ್ತಿಸಲಾರರು, ಅವರ ಮೇಲೆ ಸಿಟ್ಟಾಗಬೇಡಿ. ನನಗೆ ಬೇಜಾರು ಆಗುವುದು ಬೇರೆ ಕಾರಣಕ್ಕೆ. ಇದೇ ಶುಗರ್ ಬೆಳೆದು ನಾಳೆ ನಿಮ್ಮ ಹೃದಯದ ರಕ್ತನಾಳ ಕಟ್ಟಿಕೊಂಡರೆ ಸ್ಟೆಂಟ್‌ಗೆ ಕೋಡ್ ಇದೆ. ಕಿಡ್ನಿ ಹೋದರೆ ಡಯಾಲಿಸಿಸ್‌ಗೆ ಕೋಡ್ ಇದೆ. ಅಲ್ಲಿಯ ತನಕ ಹೋಗದ ಹಾಗೆ ತಡೆಯುವ ಆಪರೇಶನ್‌ಗೆ ಇಲ್ಲ. ಇದು ಬದಲಾಗಲೇಬೇಕು, ನಾವು ಕೆಲವು ಡಾಕ್ಟರ್‌ಗಳು ಕೇಳುತ್ತಲೇ ಇದ್ದೇವೆ. ಆದರೆ ಅದನ್ನು ನಂಬಿ ನೀವು ಕಾಯುತ್ತಾ ಕೂರುವ ಹಾಗಿಲ್ಲ.

ಖಾಸಗಿ ವಿಮೆ ನಿಮ್ಮ ಹತ್ತಿರ ಇಲ್ಲ. ಆದರೂ ಎರಡು ಮಾತು, ಬೇರೆ ಓದುಗರಿಗೆ ಉಪಯೋಗ ಆಗುತ್ತದೆ. ಬೊಜ್ಜಿನ ಆಪರೇಶನ್‌ಗೆ ಇನ್ಶೂರೆನ್ಸ್ ಬರೋದೇ ಇಲ್ಲ ಅಂತ ಎಷ್ಟೋ ಜನ ಕೇಳದೇ ಕೈಯಿಂದ ಕಟ್ಟಿಬಿಡುತ್ತಾರೆ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2019ರಲ್ಲಿ ತಂದ ನಿಯಮದ ಪ್ರಕಾರ, ವಯಸ್ಸು 18 ದಾಟಿದ್ದು, ಡಾಕ್ಟರ್ ಸಲಹೆ ಇದ್ದು, ಬಿಎಂಐ 40 ಅಥವಾ ಮೇಲಿದ್ದರೆ ‘ಬೊಜ್ಜಿನ ಚಿಕಿತ್ಸೆ’ ಅನ್ನುವ ಹೊರಗಿಡುವ ಕಲಮು ಅನ್ವಯ ಆಗುವುದಿಲ್ಲ. 35ರ ಮೇಲಿದ್ದು ಹತೋಟಿಗೆ ಬಾರದ ಶುಗರ್, ಹೃದಯದ ತೊಂದರೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವುದು) ಇಂಥದ್ದು ಇದ್ದು, ಬೇರೆ ಚಿಕಿತ್ಸೆ ಮಾಡಿ ಫಲ ಸಿಗದಿದ್ದರೂ ಅಷ್ಟೇ. ಪಾಲಿಸಿ ಇದ್ದವರು ಮೊದಲು ಅದನ್ನು ತೆಗೆದು ಓದಿ. ಕ್ಲೇಮ್ ಬೇಡ ಅಂದರೆ ಕಾರಣವನ್ನು ಬರಹದಲ್ಲಿ ಕೇಳಿ, ವಿಮಾ ಒಂಬುಡ್ಸ್‌ಮನ್ ಹತ್ತಿರ ದೂರು ಕೊಡೋದಕ್ಕೆ ಫೀಸು ಇಲ್ಲ. ನಿಮ್ಮ ವಿಷಯದಲ್ಲಿ, ಈಗ ಹೊಸ ಪಾಲಿಸಿ ತೆಗೆದುಕೊಂಡರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದ ತನಕ ಕಾಯಿಸಬಹುದು. ಅಷ್ಟು ದಿನ ಕಾಯುವ ಪರಿಸ್ಥಿತಿ ನಿಮ್ಮದಲ್ಲ. ಮತ್ತೆ ಯಾರಾದರೂ ಏಜೆಂಟ್, ಶುಗರ್ ಇದೆ ಅಂತ ಬರೆಯಬೇಡಿ, ನಾನು ನೋಡಿಕೊಳ್ಳುತ್ತೇನೆ ಅಂದರೆ ಅವರನ್ನು ಬಾಗಿಲಿಂದಲೇ ಕಳಿಸಿ. ಮುಚ್ಚಿಟ್ಟ ಕಾಯಿಲೆ ಆಸ್ಪತ್ರೆಯ ಹಳೇ ಚೀಟಿಯಲ್ಲೇ ಸಿಕ್ಕಿಬೀಳುತ್ತದೆ, ಆಗ ಕ್ಲೇಮೂ ಹೋಗುತ್ತದೆ, ಪಾಲಿಸಿಯೂ ಹೋಗುತ್ತದೆ.

ಹಾಗಾದರೆ ಕೈಯಿಂದಲೇ ಕೊಡಬೇಕು. ಈಗ ಆ 4.25 ಲಕ್ಷದ ಒಳಗೆ ಏನಿದೆ ಅಂತ ಬಿಡಿಸಿ ನೋಡೋಣ.

ಸ್ಲೀವ್ ಅನ್ನುವ ಆಪರೇಶನ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿ ಥರ ಕೊಳವೆ ಮಾಡುತ್ತೇವೆ. ಕತ್ತರಿಸುತ್ತಲೇ ಹೊಲಿಗೆ ಹಾಕುವ ಸ್ಟೇಪ್ಲರ್ ಗನ್ ಇರುತ್ತದೆ, ಅದಕ್ಕೆ ಒಂದಾದ ಮೇಲೊಂದು ಐದಾರು ಕಾರ್ಟ್ರಿಡ್ಜ್ ಬೇಕು, ಒಂದೊಂದರ ಬೆಲೆ ಸಾವಿರಗಟ್ಟಲೆ. ಬಿಲ್‌ನ ದೊಡ್ಡ ಪಾಲು ಇದೇ. ಹಾಗಾಗಿ ಯಾರಾದರೂ ಒಂದೇ ಫೋನ್‌ನಲ್ಲಿ 1.35 ಲಕ್ಷ ಇಳಿಸುತ್ತಾರೆ ಅಂದರೆ ನನಗೆ ಮೊದಲು ಬರುವ ಪ್ರಶ್ನೆ, ಯಾವುದರಲ್ಲಿ ಇಳಿಸಿದರು? ಸರ್ಜನ್ ತಮ್ಮ ಫೀಸು ಬಿಟ್ಟರೋ? ಅಥವಾ ಒಂದೇ ಸಲ ಬಳಸಬೇಕಾದ ಸಾಮಾನನ್ನು ತೊಳೆದು ಮತ್ತೆ ಬಳಸುತ್ತಾರೋ? ಅಥವಾ ಐಸಿಯು, ಔಷಧಿ, ಟೆಸ್ಟ್ ಎಲ್ಲ ಪ್ಯಾಕೇಜ್‌ನ ಹೊರಗಿಟ್ಟು ಡಿಸ್ಚಾರ್ಜ್ ದಿನ ಕೂಡಿಸುತ್ತಾರೋ? ಮೂರನೆಯದನ್ನು ನಾನು ತುಂಬಾ ಸಲ ನೋಡಿದ್ದೇನೆ. ಈ ತಿಂಗಳೊಳಗೆ ಅಂತ ಅವಸರ ಮಾಡುವವರ ಹತ್ತಿರ ಜಠರ ಕತ್ತರಿಸಿಕೊಳ್ಳುವುದು ಸರಿಯಲ್ಲ. ಕತ್ತರಿಸಿದ ಜಠರವನ್ನು ವಾಪಸ್ ಇಡೋಕೆ ಆಗಲ್ಲ.

ಎಲ್ಲೇ ಹೋದರೂ ಎಸ್ಟಿಮೇಟನ್ನು ಕಾಗದದಲ್ಲಿ, ಸೀಲ್ ಹಾಕಿಸಿ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳು ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಆಗಿರಬೇಕು, ದರ ತೋರಿಸಬೇಕು. ಕೇಳೋದು ನಿಮ್ಮ ಹಕ್ಕು, ನಾಚಿಕೆ ಬೇಡ. ಪ್ಯಾಕೇಜ್‌ನಲ್ಲಿ ಎಷ್ಟು ಕಾರ್ಟ್ರಿಡ್ಜ್ ಸೇರಿದೆ, ಹೊಸದೇ, ಪ್ಯಾಕ್‌ನ ಸ್ಟಿಕರ್ ನನ್ನ ಫೈಲಿಗೆ ಅಂಟಿಸುತ್ತೀರಾ ಅಂತ ಕೇಳಿ. ಒಂದು ದಿನ ಐಸಿಯು ಬೇಕಾದರೆ ಯಾರ ಖರ್ಚು ಅಂತ ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಲೀಕ್ ಆದರೆ ಮುಂದಿನ 30 ದಿನದ ಚಿಕಿತ್ಸೆ ಇದೇ ದುಡ್ಡಿನಲ್ಲಿ ಬರುತ್ತದಾ, ಬೇರೆ ಕಟ್ಟಬೇಕಾ ಅಂತ ಕೇಳಿ. ಲೀಕ್ ಆದವರು ಮೂರು ನಾಲ್ಕು ವಾರ ಆಸ್ಪತ್ರೆಯಲ್ಲಿ ಇರಬೇಕಾಗಬಹುದು, ಆ ಬಿಲ್ ಮೊದಲ ಆಪರೇಶನ್‌ನ ಬಿಲ್ ಅನ್ನೂ ಮೀರುತ್ತದೆ. ಈ ಪ್ರಶ್ನೆಗೆ ಉತ್ತರ ಬರೆದುಕೊಡದ ಜಾಗಕ್ಕೆ ಹೋಗಬೇಡಿ. ಸರ್ಜನ್ ಹತ್ತಿರವೂ ಕೇಳಿ: ನೀವು ಎಷ್ಟು ಮಾಡಿದ್ದೀರಿ, ಎಷ್ಟು ಜನಕ್ಕೆ ಲೀಕ್ ಆಗಿದೆ? ಒಳ್ಳೆಯ ಸರ್ಜನ್‌ಗೆ ಈ ಪ್ರಶ್ನೆಯಿಂದ ಬೇಜಾರು ಆಗೋದಿಲ್ಲ.

ಬೆಂಗಳೂರಿನ ದೊಡ್ಡ ಆಸ್ಪತ್ರೆ ಒಂದೇ ದಾರಿ ಅಲ್ಲ. ಮಂಗಳೂರು, ಮಣಿಪಾಲ, ಬೆಳಗಾವಿ, ಮೈಸೂರು ಕಡೆಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ವಿಚಾರಿಸಿ. ಜನರಲ್ ವಾರ್ಡ್‌ನಲ್ಲಿ ಮಾಡಿಸಿಕೊಂಡರೆ ದರ ಎರಡೂವರೆಯಿಂದ ಮೂರು ಲಕ್ಷದ ಆಸುಪಾಸಿಗೆ ಬಂದದ್ದನ್ನು ನೋಡಿದ್ದೇನೆ. ಸರ್ಜನ್‌ಗೆ ಅನುಭವ ಇದ್ದರೆ ಎಸಿ ರೂಮಿನಿಂದ ಏನೂ ಆಗಬೇಕಾದ್ದಿಲ್ಲ. ದೆಹಲಿಯ ಏಮ್ಸ್, ಪುದುಚೇರಿಯ ಜಿಪ್ಮರ್‌ನಂಥ ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲೂ ಈ ಆಪರೇಶನ್ ಮಾಡುತ್ತಾರೆ, ಅಲ್ಲಿ ಖರ್ಚು ಇನ್ನೂ ಕಡಿಮೆ. ಆದರೆ ಸರದಿ ಉದ್ದ, ಭಾಷೆ ಬೇರೆ, ಆಮೇಲೆ ಮೂರು ತಿಂಗಳಿಗೊಮ್ಮೆ ಅಷ್ಟು ದೂರ ಹೋಗಿಬರಬೇಕು. ನಿಮ್ಮ ಮನೆಯ ಪರಿಸ್ಥಿತಿ ನೋಡಿದರೆ ಹತ್ತಿರದ ಮೆಡಿಕಲ್ ಕಾಲೇಜೇ ಸರಿ ಅಂತ ನನ್ನ ಅಭಿಪ್ರಾಯ. ಹೃದಯದ ಎಕೋ, ಹೊಟ್ಟೆಯ ಸ್ಕ್ಯಾನ್, ಎಂಡೋಸ್ಕೋಪಿ, ಥೈರಾಯ್ಡ್ ಇವೆಲ್ಲವನ್ನೂ ಹುಬ್ಬಳ್ಳಿಯ ಕೆಎಂಸಿಆರ್‌ಐ, ಅಂದರೆ ಮೊದಲಿನ ಕಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ಕಡಿಮೆಯಲ್ಲಿ ಮಾಡಿಸಬಹುದು. ಆಪರೇಶನ್ ಮಾಡುವವರು ಆ ರಿಪೋರ್ಟ್ ಒಪ್ಪುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಎರಡು ಸಲ ಖರ್ಚು. ಮುಖ್ಯಮಂತ್ರಿ ಪರಿಹಾರ ನಿಧಿಗೆ ಬಿಲ್ ಇಟ್ಟು ಅರ್ಜಿ ಹಾಕಿ, ಬಂದರೆ ಬರಲಿ, ಅದನ್ನು ನಂಬಿ ಸಾಲ ಮಾಡಬೇಡಿ.

ಯಾವ ಆಪರೇಶನ್ ಅನ್ನೋದನ್ನು ದುಡ್ಡು ನೋಡಿ ನಿರ್ಧರಿಸಬೇಡಿ. ಸ್ಲೀವ್ ಸರಳ, ಸ್ವಲ್ಪ ಅಗ್ಗ, ಆದರೆ ಎದೆಯುರಿ ಇದ್ದವರಿಗೆ ಅದು ಜಾಸ್ತಿ ಆಗಬಹುದು. ಬೈಪಾಸ್, ಅಂದರೆ ಜಠರ ಚಿಕ್ಕದು ಮಾಡಿ ಕರುಳಿನ ದಾರಿ ಬದಲಿಸುವ ಆಪರೇಶನ್, ಶುಗರ್‌ಗೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ವಿಟಮಿನ್ ಮಾತ್ರೆ ತಪ್ಪಿಸಿದರೆ ಪೆಟ್ಟು ಜೋರು. ನಿಮಗೆ ಶುಗರ್ ಬಂದು ಆರೇ ವರ್ಷ, ಇನ್ಸುಲಿನ್ ಬಗ್ಗೆ ಬರೆದಿಲ್ಲ, ಹಾಗಾಗಿ ಅದು ಶುರುವಾಗಿಲ್ಲ ಅಂದುಕೊಳ್ಳುತ್ತೇನೆ. ಇಂಥವರಲ್ಲಿ ಆಪರೇಶನ್ ಆದ ಮೇಲೆ ಮಾತ್ರೆ ಪೂರ್ತಿ ನಿಲ್ಲುವ ಸಾಧ್ಯತೆ ಚೆನ್ನಾಗಿದೆ. ಎಂಡೋಸ್ಕೋಪಿ ನೋಡಿದ ಮೇಲೆ ಸರ್ಜನ್ ಜೊತೆ ಕೂತು ಮಾತಾಡಿ. ಗೊರಕೆಯನ್ನು ಮರೆಯದೆ ಹೇಳಿ. ನಿದ್ದೆಯ ಪರೀಕ್ಷೆ ಮಾಡಿ, ಉಸಿರು ಕಟ್ಟುತ್ತಿದ್ದರೆ ಕೆಲವು ವಾರ ಸಿಪ್ಯಾಪ್ ಮಷಿನ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವಂಥದ್ದು) ಹಾಕಿ ಮಲಗಿದ ಮೇಲೇ ಅರಿವಳಿಕೆ ಕೊಡೋದು ಕ್ಷೇಮ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬಂದೆ.

ಎರಡು ಮೂರು ವರ್ಷದ ಹಿಂದೆ ನನ್ನ ಹತ್ತಿರ ಒಬ್ಬ ಹೆಣ್ಣುಮಗಳು ಬಂದಿದ್ದರು, ನಿಮ್ಮದೇ ವಯಸ್ಸು. ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ ಬೈಪಾಸ್ ಆಗಿ ಹದಿನಾಲ್ಕು ತಿಂಗಳಾಗಿತ್ತು. ತೂಕ 40 ಕೆಜಿ ಇಳಿದಿತ್ತು, ಶುಗರ್ ನಾರ್ಮಲ್. ಆದರೆ ಹಿಮೋಗ್ಲೋಬಿನ್ 6 ಇತ್ತು. ಪಾದ ಜೋಮು ಹಿಡಿದು ಚಪ್ಪಲಿ ಜಾರಿದರೂ ಗೊತ್ತಾಗುತ್ತಿರಲಿಲ್ಲ. ಮಾತ್ರೆ ಯಾಕೆ ಬಿಟ್ಟಿರಿ ಅಂತ ಕೇಳಿದೆ. ಆಪರೇಶನ್‌ಗೆ ಹೊಲದ ಮೇಲೆ ಸಾಲ ಮಾಡಿದ್ದರು, ಕಂತು ಕಟ್ಟಿದ ಮೇಲೆ ತಿಂಗಳಿಗೆ ಮಾತ್ರೆಗೆ ಅಂತ ಎಂಟುನೂರು ರೂಪಾಯಿ ಮಿಗುತ್ತಿರಲಿಲ್ಲ. ಟೆಸ್ಟ್‌ಗೆ ಬಾ ಅಂದಾಗಲೂ ಅದೇ ಕಾರಣಕ್ಕೆ ಹೋಗಿರಲಿಲ್ಲ. ಲಕ್ಷಗಟ್ಟಲೆ ಹೊಂದಿಸಿದ ಮನೆಯವರಿಗೆ ಎಂಟುನೂರು ಹೊಂದಿಸೋಕೆ ಆಗಲಿಲ್ಲ. ಆಪರೇಶನ್‌ಗೆ ಮುಂಚೆ ಯಾರೂ ಅವರಿಗೆ ಆಮೇಲಿನ ಖರ್ಚು ಇಷ್ಟು ಅಂತ ಕೂರಿಸಿ ಹೇಳಿರಲಿಲ್ಲ. ರಕ್ತ ಏರಿತು, ಪಾದದ ಸ್ಪರ್ಶ ಮಾತ್ರ ಪೂರ್ತಿ ವಾಪಸ್ ಬರಲಿಲ್ಲ. ಅವತ್ತಿನಿಂದ ನಾನು ಆಪರೇಶನ್‌ನ ದುಡ್ಡಿನ ಮಾತು ಎತ್ತುವ ಮೊದಲು ಆಮೇಲಿನ ಎರಡು ವರ್ಷದ ದುಡ್ಡು ಎಲ್ಲಿದೆ ಅಂತ ಕೇಳುತ್ತೇನೆ.

ಅದಕ್ಕೇ ನಿಮ್ಮ ಒಂದು ಲಕ್ಷವನ್ನು ಮುಟ್ಟಬೇಡಿ ಅಂತ ಹೇಳುತ್ತಿದ್ದೇನೆ. ಅದು ಆಮೇಲಿನ ದುಡ್ಡು. ಲೆಕ್ಕ ನೋಡಿ. ಮೊದಲ ಮೂರು ತಿಂಗಳು ಪ್ರೋಟೀನ್ ಪೌಡರ್ ಬೇಕು, ಆರು ಸಾವಿರದ ಹತ್ತಿರ. ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಸೇರಿ ವರ್ಷಕ್ಕೆ ಹತ್ತು ಸಾವಿರ, ಜನೌಷಧಿಯಲ್ಲಿ ಸಿಕ್ಕಷ್ಟು ಅಲ್ಲಿ ತೆಗೆದುಕೊಂಡರೆ ಇನ್ನೂ ಕಡಿಮೆ. ಈ ಮಾತ್ರೆ ಜೀವನಪೂರ್ತಿ, ಒಂದೆರಡು ವರ್ಷಕ್ಕೆ ಮುಗಿಯೋದಲ್ಲ. ಮೂರು, ಆರು, ಹನ್ನೆರಡು ತಿಂಗಳಿಗೆ ರಕ್ತ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ, ಒಂದು ಸಲಕ್ಕೆ ಮೂರರಿಂದ ಐದು ಸಾವಿರ. ಬಸ್ಸು, ಊಟ, ಜೊತೆಗೆ ಬರುವವರ ಒಂದು ದಿನದ ದುಡಿಮೆ. ನೀವು ಮೂರು ನಾಲ್ಕು ವಾರ ಮಷಿನ್ ಮೇಲೆ ಕೂರುವ ಹಾಗಿಲ್ಲ, ಭಾರ ಎತ್ತೋದು ಒಂದೂವರೆ ತಿಂಗಳು ಬೇಡ, ಆ ಸಂಪಾದನೆಯೂ ಹೋಯಿತು. ಎಲ್ಲ ಕೂಡಿದರೆ ಮೊದಲ ವರ್ಷಕ್ಕೆ ಐವತ್ತು ಸಾವಿರ. ಉಳಿದ ಐವತ್ತು ಸಾವಿರ ಏನಾದರೂ ತೊಂದರೆ ಆದರೆ ಅಂತ. ಪಿತ್ತಕೋಶದಲ್ಲಿ ಕಲ್ಲು ಆಗೋದು ಬೇಗ ತೂಕ ಇಳಿದವರಲ್ಲಿ ಸಾಮಾನ್ಯ, ಅದನ್ನು ತಡೆಯೋಕೆ ಆರು ತಿಂಗಳು ಮಾತ್ರೆ ಕೊಡುತ್ತಾರೆ. ಶುಗರ್ ಮಾತ್ರೆ ನಿಂತರೆ ತಿಂಗಳಿಗೆ ಒಂದಿಷ್ಟು ಉಳಿಯುತ್ತದೆ, ಅದನ್ನು ವಿಟಮಿನ್ ಲೆಕ್ಕಕ್ಕೆ ಹಾಕಿಕೊಳ್ಳಿ.

ಸಾಲದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲೇ ಕೂತಿರುವ ಲೋನ್‌ನವರಿಂದಲೋ ಫೈನಾನ್ಸ್‌ನವರಿಂದಲೋ ನಾಲ್ಕು ಲಕ್ಷವನ್ನು ಶೇಕಡ 24ರ ಬಡ್ಡಿಗೆ ಮೂರು ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 15,700. ನಿಮ್ಮ ಮನೆ ಆದಾಯದ ಅರ್ಧ. ಮಕ್ಕಳ ಫೀಸು ನಿಲ್ಲುತ್ತದೆ, ಅದಕ್ಕಿಂತ ಮೊದಲು ನಿಮ್ಮ ಮಾತ್ರೆ ನಿಲ್ಲುತ್ತದೆ, ಯಾಕೆಂದರೆ ಅಮ್ಮಂದಿರು ಮೊದಲು ಬಿಡೋದು ತಮ್ಮ ಮಾತ್ರೆಯನ್ನೇ. ಅದರ ಬದಲು ಎರಡೂವರೆ ಲಕ್ಷವನ್ನು ಬ್ಯಾಂಕಿನಲ್ಲಿ ಬಂಗಾರ ಇಟ್ಟು ಶೇಕಡ 10ರ ಆಸುಪಾಸಿಗೆ ತಂದು ಮೂರು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 8,000. ಇದೂ ಹಗುರ ಅಲ್ಲ, ಆದರೆ ಉಸಿರಾಡೋಕೆ ಜಾಗ ಇದೆ. ನೋ ಕಾಸ್ಟ್ ಇಎಂಐ ಅಂದರೆ ಪ್ರೋಸೆಸಿಂಗ್ ಫೀಸು ಎಷ್ಟು ಅಂತ ಕೇಳಿ. ಕೈಸಾಲ, ಮೀಟರ್ ಬಡ್ಡಿ ಯಾವ ಕಾರಣಕ್ಕೂ ಬೇಡ. ಇನ್ನೊಂದು ವಿಷಯ, ಅಣ್ಣ ಅಡ ಇಡುತ್ತೇನೆ ಅನ್ನುವ ಬಂಗಾರ ಅತ್ತಿಗೆಯದಾಗಿದ್ದರೆ ನೀವೇ ಹೋಗಿ ಅವರ ಹತ್ತಿರ ಮಾತಾಡಿ. ಒಪ್ಪಿಗೆ ಅವರ ಬಾಯಿಂದಲೇ ಬರಲಿ.

ಇನ್ನು ಆ ಆರು ತಿಂಗಳು ಸುಮ್ನೆ ಕೂರೋದಲ್ಲ. ಬೇರೆ ಬೇರೆ ಕಡೆ ಮೂರು ಎಸ್ಟಿಮೇಟ್ ತನ್ನಿ. ತಾಲೂಕು ಆಸ್ಪತ್ರೆಯ ಫಿಜಿಶಿಯನ್ ಹತ್ತಿರ ಶುಗರ್ ಮಾತ್ರೆ ಸರಿಪಡಿಸಿಕೊಳ್ಳಿ, 9.2ರಲ್ಲಿ ಆಪರೇಶನ್‌ಗೆ ಹೋದರೆ ಗಾಯ ಮಾಯುವುದು ನಿಧಾನ, ಸೋಂಕು ಜಾಸ್ತಿ. ಸಕ್ಕರೆ ಚಹಾ, ಸಂಜೆಯ ಮಂಡಕ್ಕಿ ಮಿರ್ಚಿ ಈಗಲೇ ಬಿಟ್ಟು ನೋಡಿ. ಊಟಕ್ಕೆ ಮೊದಲು ಹೆಸರುಕಾಳು ಅಥವಾ ಮೊಟ್ಟೆ, ಆಮೇಲೆ ಪಲ್ಯ, ಕೊನೆಗೆ ರೊಟ್ಟಿ, ಈ ಕ್ರಮ ರೂಢಿಸಿಕೊಳ್ಳಿ, ಆಪರೇಶನ್ ಆದ ಮೇಲೆ ಬದುಕಿರುವ ತನಕ ಊಟ ಹೀಗೇ ಇರುತ್ತದೆ. ಎರಡು ವಾರ ಬರೀ ನೀರಿನಂಥ ಆಹಾರ, ಬೇಳೆಕಟ್ಟು, ಮಜ್ಜಿಗೆ, ಆಮೇಲೆ ಎರಡು ವಾರ ರುಬ್ಬಿದ್ದು, ಆಮೇಲೆ ಮೆತ್ತಗಿನದು, ರೊಟ್ಟಿಗೆ ಒಂದೂವರೆ ಎರಡು ತಿಂಗಳು ಆಗುತ್ತದೆ. ಸಿಹಿ, ಐಸ್‌ಕ್ರೀಮ್ ಮಾತ್ರ ಚಿಕ್ಕ ಜಠರದಲ್ಲೂ ಸಲೀಸಾಗಿ ಇಳಿಯುತ್ತವೆ. ತೂಕ ವಾಪಸ್ ಬಂದವರಲ್ಲಿ ಜಾಸ್ತಿ ಜನರಿಗೆ ಬಂದದ್ದು ಅದೇ ದಾರಿಯಲ್ಲಿ. ಮೂರನೇ ತಿಂಗಳಿಂದ ಕೂದಲು ಉದುರುತ್ತದೆ, ಗಾಬರಿ ಬೇಡ, ಮತ್ತೆ ಬರುತ್ತದೆ. ಒಂದೂವರೆ ವರ್ಷ ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಿ, ತೂಕ ಇಳಿದಾಗ ಗರ್ಭ ನಿಲ್ಲುವ ಸಾಧ್ಯತೆ ಜಾಸ್ತಿ ಆಗುತ್ತದೆ.

ಇಂಜೆಕ್ಷನ್ ಬಂದಿದೆಯಲ್ಲ ಅಂತ ಯಾರಾದರೂ ಹೇಳುತ್ತಾರೆ. ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಒಳ್ಳೆಯ ಔಷಧಿಗಳೇ, ಬೊಜ್ಜಿಗೆ ಅಂತ 2025ರಲ್ಲಿ ನಮ್ಮಲ್ಲಿಗೆ ಬಂದವು. ಟಿರ್ಜೆಪಟೈಡ್ ಬಂದಾಗ ತಿಂಗಳಿಗೆ 14,000ದಿಂದ 17,500 ರೂಪಾಯಿ ಇತ್ತು. ದೊಡ್ಡ ಪ್ರಮಾಣದಲ್ಲಿ ಒಂದೂವರೆ ವರ್ಷ ತೆಗೆದುಕೊಂಡವರಲ್ಲಿ ತೂಕದ ಐದನೇ ಒಂದು ಭಾಗ ಇಳಿದಿದೆ. ಆದರೆ ನಿಲ್ಲಿಸಿದರೆ ಹಸಿವು ವಾಪಸ್. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ಮತ್ತೆ ಏರಿತ್ತು. ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ, ಹಾಗಾಗಿ ದರ ಇಳಿಯುವ ದಾರಿ ಇದೆ. ತುಂಬಾ ಇಳಿದು, ಆಪರೇಶನ್‌ಗೆ ಮುಂಚೆ ಕೆಲವು ತಿಂಗಳು ತೆಗೆದುಕೊಳ್ಳೋಕೆ ನಿಮಗೆ ನಿಲುಕಿದರೆ ಶುಗರ್ ತಹಬದಿಗೆ ತರಲು ಒಳ್ಳೆಯದೇ, ನಿಮ್ಮ ಫಿಜಿಶಿಯನ್ ಜೊತೆ ಮಾತಾಡಿ. ಬಿಎಂಐ 45ಕ್ಕೆ, ನಿಮ್ಮ ಆದಾಯಕ್ಕೆ, ಜೀವನಪೂರ್ತಿ ಇಂಜೆಕ್ಷನ್ ದುಡ್ಡು ಹೊಂದಿಸೋದಕ್ಕಿಂತ ಆಪರೇಶನ್ನೇ ಕಡಿಮೆ.

ಕೊನೆಯದಾಗಿ ಒಂದು ಕೆಲಸ ಮಾಡಿ. ಆಪರೇಶನ್ ಮುಗಿಸಿ ರಾಣೆಬೆನ್ನೂರಿಗೆ ಬಂದ ಮೇಲೆ ನಿಮ್ಮನ್ನು ನೋಡುವ ಡಾಕ್ಟರ್‌ಗೆ ಈ ವಿಷಯ ಗೊತ್ತಿರಲಿಕ್ಕಿಲ್ಲ. ಆಪರೇಶನ್ ಆದವರಿಗೆ ದಿನಗಟ್ಟಲೆ ವಾಂತಿ ಆದರೆ ದೇಹದಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್, ಕೆಲವೇ ವಾರದಲ್ಲಿ ಖಾಲಿ ಆಗುತ್ತದೆ. ಸುಸ್ತು ಅಂತ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಉಳಿದದ್ದೂ ಹೋಗಿ ಕಣ್ಣಿಗೆ ಎಲ್ಲ ಎರಡೆರಡಾಗಿ ಕಾಣುತ್ತದೆ, ನಡಿಗೆ ತೂರಾಡುತ್ತದೆ, ನೆನಪಿನ ಶಕ್ತಿಗೆ ಶಾಶ್ವತ ಪೆಟ್ಟು ಬೀಳಬಹುದು. ತಡೆಯೋದು ತುಂಬಾ ಸುಲಭ, ಇಂಜೆಕ್ಷನ್‌ಗೆ ಜಾಸ್ತಿ ಬೆಲೆಯೂ ಇಲ್ಲ. ಹಾಗೇ, ಜ್ವರ, ಹೊಟ್ಟೆನೋವು, ಎದೆಬಡಿತ ನಿಮಿಷಕ್ಕೆ 120 ದಾಟಿದರೆ ಗ್ಯಾಸ್ ಅಂತ ಕೂರಬಾರದು, ಅದು ಲೀಕ್ ಇರಬಹುದು. ಒಂದು ಗಟ್ಟಿ ಕಾಗದದ ಮೇಲೆ ಇಷ್ಟು ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ, ಯಜಮಾನರ ಗಾಡಿಯಲ್ಲೂ ಒಂದು ಇರಲಿ:

‘ನನಗೆ ಇಂಥ ದಿನ ಜಠರದ ಸ್ಲೀವ್ ಅಥವಾ ಬೈಪಾಸ್ ಆಪರೇಶನ್ ಆಗಿದೆ. ವಾಂತಿ ಇದ್ದರೆ ಗ್ಲೂಕೋಸ್‌ಗೆ ಮೊದಲು ಥಯಮಿನ್ ಇಂಜೆಕ್ಷನ್ ಕೊಡಿ. ನನ್ನ ಸರ್ಜನ್‌ಗೆ ಕೇಳದೆ ನೋವಿನ ಮಾತ್ರೆ ಕೊಡಬೇಡಿ, ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಬೇಡಿ. ಎದೆಬಡಿತ 120ಕ್ಕಿಂತ ಜಾಸ್ತಿ ಇದ್ದರೆ ಈಗಲೇ ಈ ನಂಬರಿಗೆ ಫೋನ್ ಮಾಡಿ.’